ಸಕ್ಕರೆ ಹೂವು ಮಾಡುವ ಕೈ

ಕೇಕಿನ ಮೇಲಿಡುವ ಸಕ್ಕರೆ ಹೂವು ಮಾಡುವುದು ನನ್ನ ಕೆಲಸ. ಸಕ್ಕರೆಯ ಕಣಕವನ್ನು ತೆಳ್ಳಗೆ ಲಟ್ಟಿಸಿ, ಎಸಳು ಕತ್ತರಿಸಿ, ಬೆರಳ ತುದಿಯಿಂದ ಅಂಚು ಬಾಗಿಸಬೇಕು. ಕೈಯಲ್ಲಿ ಚೂರು ತೇವವಿದ್ದರೂ ಎಸಳು ಕರಗುತ್ತದೆ. ಹಾಗಾಗಿ ಕೂತ ಮೇಲೆ ಏಳುವವರೆಗೆ ಯಾರೂ ಕೈ ತೊಳೆಯುವಂತಿಲ್ಲ.

ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಗಂಡ, "ಹೂವು ನೋಡಿ ನೋಡಿಯೇ ಬಂದಿರ್ಬೇಕು" ಎಂದು ನಗಿಸಲು ನೋಡಿದ. ಅತ್ತೆ ನಗಲಿಲ್ಲ. "ಕದ್ದು ಬಾಯಿಗೆ ಹಾಕ್ಕೊಂಡಿರ್ತಾಳೆ. ಹೊಟ್ಟೇಲಿರೋದು ಏನು ಪಾಪ ಮಾಡಿತ್ತು?" ಎಂದರು. ಆ ಸಿಹಿಯ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತದೆಂದು ಹೇಳಲೂ ಬೇಸರವಾಯಿತು.

ಬೆಳಗ್ಗೆ ಮನೆಯಲ್ಲಿ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದರೆ ಸಕ್ಕರೆ ಸರಿಯಾಗಿರುತ್ತಿತ್ತು. ಊಟವಾಗಿ ಎರಡು ಗಂಟೆಯ ಮೇಲೆ, ಹೂವು ಮಾಡುವ ನಡುವೆ ಕೆಲಸದ ಮೇಜಿನಲ್ಲೇ ಸ್ಪಿರಿಟ್ಟಿನ ಹತ್ತಿಯಿಂದ ಬೆರಳೊರೆಸಿ ಚುಚ್ಚಿಕೊಂಡರೆ ಏರಿರುತ್ತಿತ್ತು. ಡಾಕ್ಟರು ಫೋನಿನಲ್ಲಿ ಮಧ್ಯಾಹ್ನದ ಇನ್ಸುಲಿನ್ ಹೆಚ್ಚಿಸಿದರು. ನಾನು ಊಟ ಇಳಿಸಿದೆ. ಆದರೂ ಏರಿತು. ಇನ್ನಷ್ಟು ಇಳಿಸಿದೆ. ಮಗು ಒದ್ದರೂ ಭಯ, ಒದೆಯದಿದ್ದರೂ ಭಯ.

ನನ್ನ ಊಟದ ಡಬ್ಬಿ, ಕೆಲಸದಲ್ಲಿ ನನ್ನ ಪಕ್ಕ ಕೂರುವವಳ ಪಾಲಾಯಿತು. ಒಂದು ಕಡೆ ಕೂರದವಳೆಂದು ಅವಳನ್ನು ನಾವು ಚಿಟ್ಟೆ ಎನ್ನುತ್ತೇವೆ. "ನಿನ್ನೂಟ ತಿಂದು ನಂಗೇ ಹೊಟ್ಟೆ ಬಂತು ನೋಡು. ನಾಳೆಯಿಂದ ನೀನೇ ತಿನ್ನು ತಾಯಿ" ಎಂದು ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ಎಸಳುಗಳು ಎರಡೆರಡಾಗಿ ಕಂಡವು. ಕತ್ತಿನಲ್ಲಿ ಬೆವರು, ಕೈಯಲ್ಲಿ ನಡುಕ. ಚಿಟ್ಟೆ ಸಕ್ಕರೆ ನೀರು ತಂದಳು. ಆಗಷ್ಟೇ ನೋಡಿದ್ದ ಮೀಟರನ್ನು ಅವಳ ಮುಂದೆ ಹಿಡಿದೆ.

"ಇನ್ನೂರು ದಾಟಿದೆ! ಮಗೂನ ಕೊಲ್ತೀಯಾ?" ಎಂದು ಹಲ್ಲು ಕಚ್ಚಿದೆ.

"ನಿನ್ನ ಮೀಟರಿಗೆ ಬೆಂಕಿ ಹಾಕ! ಮುಖ ಸುಣ್ಣ ಆಗಿದೆ, ಏಳು!"

ರಸ್ತೆಯಾಚೆಯೇ ಇದ್ದ ಆಸ್ಪತ್ರೆಗೆ ನನ್ನನ್ನು ಎಳೆದುಕೊಂಡೇ ಹೋದಳು. ಅಲ್ಲಿಯ ನರ್ಸ್ ಸೋಪು ಹಚ್ಚಿ ನನ್ನ ಕೈ ತೊಳೆಸಿ ಬೆರಳು ಚುಚ್ಚಿದಳು. ಐವತ್ತೂ ಇರಲಿಲ್ಲ. ಕುಡಿಯಲು ಗ್ಲೂಕೋಸ್ ಕೊಟ್ಟರು. ಈ ಸಲ ಬೇಡವೆನ್ನಲೂ ಶಕ್ತಿಯಿರಲಿಲ್ಲ.

ನನ್ನ ತೋಳಿನ ಮೇಲಿದ್ದ ಬಿಳಿ ಪುಡಿ ನೋಡಿ, ಫೋನಿನಲ್ಲಿ ಇನ್ಸುಲಿನ್ ಹೆಚ್ಚಿಸಿದ್ದ ಅದೇ ಡಾಕ್ಟರು ಏನು ಕೆಲಸವೆಂದು ಕೇಳಿದರು. ಹೇಳಿದೆ. ಅವರು ಹಣೆಗೆ ಕೈ ಹಚ್ಚಿದರು. "ಆ ಮೀಟರು ನಿಮ್ಮ ಬೆರಳ ಮೇಲಿನ ಸಕ್ಕರೇನೂ ಸೇರಿಸಿ ತೋರಿಸ್ತಿತ್ತು. ಸ್ಪಿರಿಟ್ಟಲ್ಲಿ ಒರೆಸಿದ್ರೆ ಅದು ಪೂರ್ತಿ ಹೋಗಲ್ಲ. ನಾನು ಮೊದಲೇ ಕೇಳ್ಬೇಕಿತ್ತು."

ಮಗುವಿನ ಎದೆಬಡಿತ ಸರಿಯಿತ್ತು. ಚಿಟ್ಟೆ ಅಳುತ್ತಲೇ ನಕ್ಕಳು. ನನಗೂ ನೆಮ್ಮದಿ ಬರುತ್ತದೆಂದು ಕಾದೆ. ಬರಲಿಲ್ಲ, ಬರೀ ಸುಸ್ತು.

"ಇನ್ಸುಲಿನ್ ಇಳಿಸ್ತೀನಿ. ನೀವು ಹೊಟ್ಟೆ ತುಂಬ ತಿನ್ನಿ, ಅಷ್ಟೇ" ಎಂದರು ಡಾಕ್ಟರು.

"ಆಗಲ್ಲ."

"ಯಾಕೆ?"

"ತಟ್ಟೆ ನೋಡಿದ್ರೇ ಎದೆ ಹೊಡ್ಕೊಳ್ಳುತ್ತೆ ಡಾಕ್ಟ್ರೇ. ಮೀಟರ್ ತಪ್ಪು ಅಂತ ಈಗ ಗೊತ್ತಾಯ್ತು. ಆದ್ರೂ ಆಗಲ್ಲ."

ಅವರು ಕುರ್ಚಿ ಹತ್ತಿರಕ್ಕೆಳೆದುಕೊಂಡರು. "ಇದೂ ಚಿಕಿತ್ಸೆ ಬೇಕಾದ್ದೇ. ಅದನ್ನ ನೋಡೋ ಮನಸಿನ ಡಾಕ್ಟ್ರು ಮೇಲಿನ ಮಹಡೀಲಿದ್ದಾರೆ, ಇವತ್ತೇ ಮಾತಾಡಿಸ್ತೀನಿ" ಎಂದು ಹೊರಗೆ ಹೋದರು.

ನರ್ಸ್ ಬ್ರೆಡ್ಡು, ಮೊಟ್ಟೆ ತಂದಿಟ್ಟಳು. ಒಂದು ತುಂಡು ಬಾಯಿಗಿಟ್ಟೆ. ಬಹಳ ಹೊತ್ತು ಅಗಿದು ನುಂಗಿದೆ.

"ಇನ್ನೊಂದು" ಎಂದಳು ಚಿಟ್ಟೆ.

"ತಾಳು."

ಅವಳು ಪಕ್ಕದಲ್ಲಿ ಅಲುಗಾಡದೆ ಕೂತಳು.