ಬಿಸಿಲಿಗೆ ಬಿಟ್ಟ ಪಾಚಿ

ಶರಣ್ಯಾ ಸಾಕುತ್ತಿದ್ದ ಪಾಚಿಯನ್ನು ನೋಡಿದವರು ಮೊದಲು ಕೇಳುತ್ತಿದ್ದುದು, ಇದಕ್ಕೇನು ಕಾಯಿಲೆ ಎಂದು. ಅವಳು ಕೆಲಸ ಮಾಡುತ್ತಿದ್ದ ಪುಣೆಯ ಪ್ರಯೋಗಾಲಯದ ತಾರಸಿಯ ಮೇಲೊಂದು ಗಾಜಿನ ಮನೆಯಿತ್ತು. ಒಳಗೆ ಆಳೆತ್ತರದ ಗಾಜಿನ ಕಂಬಗಳಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಒಂದು ಸಾಲಿನಲ್ಲಿ ಸಾಮಾನ್ಯ ಪಾಚಿ, ಪಾಲಕ್ ಸಾರಿನ ಹಾಗೆ ಕಡುಹಸಿರು. ಪಕ್ಕದ ಸಾಲಿನಲ್ಲಿ ಅವಳದು, ಎಳೆ ನಿಂಬೆಕಾಯಿಯ ಬಣ್ಣ.

ಅದು ಕಾಯಿಲೆಯಲ್ಲ, ಅವಳೇ ಬೇಕೆಂದು ಮಾಡಿದ್ದು. ಪಾಚಿಯ ಜೀವಕಣಗಳು ಬೆಳಕು ಹಿಡಿಯಲು ಮೈತುಂಬ ಹಸಿರು ಹೊತ್ತಿರುತ್ತವೆ. ಹೊರಗಿನ ಕಣಗಳು ತಮಗೆ ಬೇಕಾದದ್ದಕ್ಕಿಂತ ಹೆಚ್ಚು ಬೆಳಕನ್ನು ಬಾಚಿಕೊಂಡು, ಮಿಕ್ಕಿದ್ದನ್ನು ಶಾಖವಾಗಿ ಚೆಲ್ಲಿಬಿಡುತ್ತವೆ. ಒಳಗಿನವಕ್ಕೆ ಕತ್ತಲೇ ಗತಿ. ಶರಣ್ಯಾ ಒಂದು ಜೀನನ್ನು ತಿದ್ದಿ ಆ ಹಸಿರನ್ನು ತಗ್ಗಿಸಿದ್ದಳು. ಪ್ರತಿಯೊಂದು ಕಣವೂ ಸ್ವಲ್ಪವೇ ಹಿಡಿದರೆ ಬೆಳಕು ನಡುವಿನವರೆಗೂ ಹೋಗುತ್ತದೆ, ಒಟ್ಟು ಬೆಳೆ ಹೆಚ್ಚುತ್ತದೆ ಎಂಬುದು ಅವಳ ನಂಬಿಕೆ.

ಆದರೆ ಬೆಳೆ ಹೆಚ್ಚಿರಲಿಲ್ಲ. ಬೇಸಿಗೆ ಶುರುವಾದಾಗಿನಿಂದಲೂ ಕಡುಹಸಿರೇ ಮುಂದಿತ್ತು. ವಿಭಾಗದ ಮುಖ್ಯಸ್ಥ ಮೋಹನದಾಸ್, ಮಳೆಗಾಲದೊಳಗೆ ಏನಾದರೂ ಕಾಣಿಸದಿದ್ದರೆ ಈ ಕೆಲಸ ನಿಲ್ಲಿಸೋಣ ಎಂದಿದ್ದರು.

ಜೊತೆಗೆ ಕೆಲಸ ಮಾಡುತ್ತಿದ್ದ ಮೈಸೂರಿನ ಅಭಿಲಾಷನ ಸಿಟ್ಟೆಲ್ಲ ಗಾಜಿನ ಮನೆಗೆ ಹೊದಿಸಿದ್ದ ನೆರಳುಪರದೆಯ ಮೇಲೆ. "ಮೇಡಂ, ನಾವು ಇದನ್ನ ಮಾಡಿರೋದೇ ಸ್ಟ್ರಾಂಗ್ ಬಿಸಿಲಿಗೆ. ಎರಡೆರಡು ನೆಟ್ ಹಾಕಿ ನೆರಳಲ್ಲಿ ಇಟ್ರೆ ಹೆಂಗೆ ಗೆಲ್ಲುತ್ತೆ?"

"ಗೊತ್ತದಪಾ. ಹೋದ ವರ್ಷದ್ದು ಬಿಸಿಲಿಗೆ ಸತ್ತು ಹೋತು, ನೀ ನೋಡಿಲ್ಲ. ಇದೂ ಸತ್ರ ಮತ್ತ ಮೊದಲಿಂದ ಮಾಡೂದು ಭಾಳ ಕಷ್ಟ ಅದ. ಇನ್ನಷ್ಟು ಗಟ್ಟಿ ಆಗಲಿ, ತಡಿ."

ಹೋದ ವರ್ಷ ಮೊದಲ ತಳಿ ಬೆಳ್ಳಗಾಗಿ ತಳಕ್ಕಿಳಿದಿದ್ದನ್ನು ಕಂಡ ಮೇಲೆ ಅವಳಿಗೆ ಬಿಸಿಲೆಂದರೆ ದಿಗಿಲು. ಅಭಿಲಾಷ ಹೇಳುವುದು ಸರಿಯೆಂದು ತಿಳಿದಿದ್ದರೂ ಪರದೆಗೆ ಕೈ ಹಾಕುವ ಧೈರ್ಯವಾಗುತ್ತಿರಲಿಲ್ಲ.

ಮೇ ತಿಂಗಳ ಮೊದಲಿಗೆ ಸಾಲು ರಜೆ ಬಂತು. ಶರಣ್ಯಾ ಶಿರೂರಿನಲ್ಲಿ ಗೆಳತಿಯ ಮನೆಯ ಮದುವೆಗೆ ಹೋದಳು. ಹೋದ ಸಂಜೆಯೇ ಪುಣೆಯಲ್ಲಿ ಭಾರಿ ಗಾಳಿ ಬೀಸಿತು. ರಜೆ ಮುಗಿಸಿ ತಾರಸಿ ಹತ್ತಿದರೆ, ಎರಡೂ ಪರದೆಗಳು ಹರಿದು ಪಕ್ಕದ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿದ್ದವು. ರಜೆಯುದ್ದಕ್ಕೂ ಮೇ ತಿಂಗಳ ಬಿಸಿಲು ನೇರ ಕಂಬಗಳಿಗೇ ಹೊಡೆದಿತ್ತು. ಗಾಜು ಒಡೆದಿರಲಿಲ್ಲ, ಕಂಬಗಳನ್ನು ತಂಪಾಗಿಡಲು ಹರಿಸುತ್ತಿದ್ದ ನೀರೂ ನಿಂತಿರಲಿಲ್ಲ. ಆದರೂ ಅವಳಿಗೆ ಬಾಗಿಲು ತೆಗೆಯಲು ಕೈ ಬರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಒಳಗೆ ಹೋದವನು ಅಭಿಲಾಷ. "ಮೇಡಂ, ಬೇಗ ಬನ್ನಿ!"

ಬಾಡಿದ್ದು ಕಡುಹಸಿರಿನ ಸಾಲು. ಅತಿಯಾಗಿ ಬಾಚಿಕೊಂಡ ಬೆಳಕಿಗೆ ತಾನೇ ಬೆಂದು ಹೊರಮೈಯೆಲ್ಲ ಹಳದಿಗಟ್ಟಿ, ತಳದಲ್ಲಿ ಕೆಸರು ಕೂತಿತ್ತು. ಅವಳ ಪಾಚಿ ಮಜ್ಜಿಗೆಹುಳಿಯಷ್ಟು ದಪ್ಪಗಾಗಿತ್ತು. ಕಂಬದ ಹಿಂದೆ ಹಿಡಿದ ತನ್ನ ಕೈ ಅವಳಿಗೇ ಕಾಣಲಿಲ್ಲ. ಸೋಸಿ, ಒಣಗಿಸಿ ತೂಗಿದಾಗ ತಕ್ಕಡಿಯೂ ಅದನ್ನೇ ಹೇಳಿತು.

"ಇದು ನಿಜವಾ ಮಾರಾಯ್ತಿ, ಇಲ್ಲ ಗಾಳಿಯ ಕರಾಮತ್ತಾ?" ಮೋಹನದಾಸ್ ಕನ್ನಡಕ ಏರಿಸಿ ಕೇಳಿದರು.

"ಒಂದು ಸಲದ್ದು ನಾನೂ ನಂಬೂದಿಲ್ರಿ ಸರ್. ಈ ಸಲ ಬೇಕಂತನ ಬಿಸಿಲಿಗೆ ಬಿಡ್ತೀನಿ."

ಹೊಸದಾಗಿ ಎರಡೂ ಸಾಲು ತುಂಬಿದರು. ಅಭಿಲಾಷ ಹೊಸ ಪರದೆ ತರಿಸಿದ್ದ. ಅವಳು ಅದನ್ನು ಬಿಚ್ಚಲೂ ಬಿಡಲಿಲ್ಲ. ಮೊದಲೆರಡು ದಿನ ಊಟ ಸೇರಲಿಲ್ಲ. ಮೂರನೆಯ ಮಧ್ಯಾಹ್ನದ ಉರಿಬಿಸಿಲಲ್ಲೂ ನಿಂಬೆ ಬಣ್ಣ ಮಾಸದೆ ದಟ್ಟವಾಗುತ್ತಿದ್ದುದನ್ನು ಕಂಡು ಕೆಳಗೆ ಕ್ಯಾಂಟೀನಿಗೆ ಹೋಗಿ, ಮರಾಠಿಯಲ್ಲಿ ಎರಡು ತಟ್ಟೆ ಖಾರದ ಮಿಸಳ್-ಪಾವ್ ಹೇಳಿ, ಒಂದನ್ನು ಅಭಿಲಾಷನ ಮುಂದೆ ತಳ್ಳಿದಳು.

"ನೀ ಹೇಳಿದಾಗನ ಕೇಳಬೇಕಿತ್ತು."

"ಈಗ ಕೇಳಿದ್ರಲ್ಲ ಬಿಡಿ," ಎಂದು ಅವನು ಪಾವ್ ಮುರಿದ. ಪ್ರಯೋಗ ಎರಡನೆಯ ಸಲವೂ ಗೆದ್ದಿತು. ಮೋಹನದಾಸರು ಕೆಲಸ ನಿಲ್ಲಿಸುವ ಮಾತು ಬಿಟ್ಟು, ಇನ್ನೂ ದೊಡ್ಡ ಕಂಬಗಳನ್ನು ಎಲ್ಲಿ ನಿಲ್ಲಿಸೋಣವೆಂದು ತಾರಸಿ ಅಳೆಯಲು ತಾವೇ ಬಂದರು. ಅಷ್ಟರಲ್ಲಿ ಮೋಡಗಳು ಬಂದಿದ್ದವು. ಮಳೆಗಾಲದ ಮಂಕು ಬೆಳಕಲ್ಲಿ ಇದು ಹೇಗೆ ಬಾಳೀತೋ ಯಾರಿಗೂ ತಿಳಿದಿರಲಿಲ್ಲ. ಶರಣ್ಯಾಗೆ ಅದನ್ನು ನೋಡುವ ಆತುರ ಈಗಲೇ ಹತ್ತಿಕೊಂಡಿತ್ತು.