ನೀಲಿ ಹೂವಿನ ಇಳಿಜಾರು

ಸಲ್ಕಿನಾಯ್ ಹಟಕ್ಕೆ ಬಿದ್ದಳೆಂದರೆ ಮುಗಿಯಿತು, ಬೆಟ್ಟವೇ ಪಕ್ಕಕ್ಕೆ ಸರಿಯಬೇಕು. ಕಳೆದ ಚಳಿಗಾಲದಲ್ಲಿ ಅವಳ ಹಸು, ಒಣಹುಲ್ಲಿನ ಜೊತೆ ಸೇರಿಬಂದಿದ್ದ ನೀಲಿ ಹೂವಿನ ವಿಷಗಿಡವನ್ನು ತಿಂದು, ಬಾಯಿತುಂಬ ನೊರೆ ಕಾರಿ ಸತ್ತಿತ್ತು. ಬೇಸಿಗೆಗೆ ಗುಡಾರ ಹಾಕುವ ಇಳಿಜಾರಿನಲ್ಲಿ ಆ ಗಿಡದ ಒಂದು ಬೇರೂ ಉಳಿಯಕೂಡದೆಂದು ಅಂದೇ ಅವಳು ತೀರ್ಮಾನಿಸಿದಳು.

"ಕುಡುಗೋಲಲ್ಲಿ ಸವರಿಬಿಡು, ಸಾಕು," ಎಂದ ಮಾವ ಮಂಬೆತ್. "ನಮ್ ಕುದುರೆಗಳಿಗೆ ನಿನಗಿಂತ ಬುದ್ಧಿ ಜಾಸ್ತಿ ಕಣಮ್ಮ. ಅವು ಆ ಗಿಡಾನ ಮೂಸೂ ನೋಡಲ್ಲ."

"ಸವರಿದ್ರೆ ಬೇರಿಂದ ಮತ್ತೆ ಚಿಗುರುತ್ತೆ ಮಾವ. ಅಗೆದು ಕೀಳ್ಬೇಕು."

"ಕೀಳು ಕೀಳು, ಬೆಟ್ಟಾನೇ ಕಿತ್ಹಾಕು!"

ಸಲ್ಕಿನಾಯ್ ಕೀಳಲೇ ಹೊರಟಳು. ಒಂದು ಕುರಿ ಕಡಿಸಿ, ಅಕ್ಕಪಕ್ಕದ ಗುಡಾರಗಳ ಸೊಸೆಯಂದಿರನ್ನೆಲ್ಲ ಕೂಡುಗೆಲಸಕ್ಕೆ ಕರೆದಳು. ಕೆಲಸಕ್ಕೆ ಕರೆದವರೇ ಹೊಟ್ಟೆ ತುಂಬ ಉಣಿಸಬೇಕು, ಅದು ಕುದುರೆ ಮೇಯಿಸುವ ಆ ಬೆಟ್ಟಗಾಡಿನವರ ಪದ್ಧತಿ. ಊಟದ ಹೊತ್ತಿಗೆ ಊರ ಹಿರಿಯರೂ ಬಂದು ಕೂತರು.

ಕಿತ್ತ ಗಿಡವನ್ನು ಹೂಳಲೆಂದು ತೋಡಿಟ್ಟ ಹೊಂಡಕ್ಕೆ ನೇರ ಹಾಕಿ ಎಂದು ಅವಳು ಮೊದಲೇ ಹೇಳಿದ್ದಳು. ಆದರೆ ವರ್ಷ ವರ್ಷ ಹುಲ್ಲು ಕೊಯ್ದ ಕೈಗಳು ಮಾತು ಕೇಳಬೇಕಲ್ಲ! ಹರಟೆ ಹೊಡೆಯುತ್ತಲೇ ಹೆಂಗಸರು ಗಿಡಗಳನ್ನು ಹುಲ್ಲಿನ ಬಣವೆಯ ಹಾಗೆ ಇಳಿಜಾರಿನ ಉದ್ದಕ್ಕೂ ಅಂದವಾಗಿ ರಾಶಿ ರಾಶಿ ಹಾಕಿಬಿಟ್ಟಿದ್ದರು. ಸಲ್ಕಿನಾಯ್ ಗದರಿದಳು. ಅಷ್ಟರಲ್ಲಿ ಮಾಂಸ ಬೆಂದಿತ್ತು, ಎಲ್ಲರಿಗೂ ಹಸಿದಿತ್ತು. ಹೋಗಲಿ, ಉಂಡ ಮೇಲೆ ಹೊಂಡಕ್ಕೆ ತುಂಬೋಣ ಎಂದು ಸುಮ್ಮನಾದಳು. ಅದೇ ತಪ್ಪಾಯಿತು. ನಿಂತ ಗಿಡವನ್ನು ಕುದುರೆ ಮುಟ್ಟುವುದಿಲ್ಲ, ನಿಜ. ಬಿಸಿಲಿಗೆ ಬಾಡಿದರೆ ಅದರ ವಾಸನೆ ಸಾಯುತ್ತದೆ, ವಿಷ ಮಾತ್ರ ಸಾಯುವುದಿಲ್ಲ.

ಸಾರು ಬಡಿಸುತ್ತಿದ್ದವಳು ತಲೆಯೆತ್ತಿದಾಗ ದಿಬ್ಬದ ಆಚೆಯಿಂದ ಹೆಣ್ಣುಕುದುರೆಗಳು ಇಳಿಯುತ್ತಿದ್ದವು. ಆ ಮನೆಯ ಅನ್ನವೆಲ್ಲ ಅವುಗಳ ಹಾಲಿನಲ್ಲೇ ಇತ್ತು. ಮುಂದಿದ್ದ ಬೂದು ಕುದುರೆ, ಮರಿಯನ್ನು ಜೊತೆಗೆ ಕಟ್ಟಿಕೊಂಡು, ಸೀದಾ ಮೇಲಿನ ರಾಶಿಯತ್ತ ಹೊರಟಿತ್ತು. ಹಿಂದೆ ಮಂಬೆತ್ ತನ್ನ ಕುದುರೆಯ ಮೇಲೆ ಟೋಪಿ ಮುಖಕ್ಕೆ ಎಳೆದುಕೊಂಡು ತೂಕಡಿಸುತ್ತಿದ್ದ. ಇವಳು ಓಡಿಹೋದರೆ ಕುದುರೆಗಳು ಬೆದರಿ ರಾಶಿಗಳ ನಡುವೆಯೇ ಚದುರುತ್ತವೆ. ಅವು ನಿಲ್ಲುವುದು ಅವನ ಸಿಳ್ಳೆಗೆ ಮಾತ್ರ.

"ಮಾವಾ!" ಎಂದು ಕೂಗಿದಳು.

ಊಟಕ್ಕೆ ಕೂತಿದ್ದ ಮುದುಕರೆಲ್ಲ ಯಾರಿಗೋ ಮಾವಂದಿರೇ. ಎಲ್ಲರೂ ತಿರುಗಿ ನೋಡಿದರು, ನೋಡಬೇಕಾದವನೊಬ್ಬನನ್ನು ಬಿಟ್ಟು.

"ಮಾವಾ, ಕುದುರೆ!"

ಊಹೂಂ.

ಸೊಸೆಯಾದವಳು ಮಾವನ ಹೆಸರೆತ್ತುವುದುಂಟೇ? ಆ ಹೆಸರನ್ನು ಹೋಲುವ ಮಾತು ಬಂದರೂ ನುಂಗಿಕೊಂಡು ಬೇರೆ ಮಾತು ಹುಡುಕುತ್ತಾರೆ ಅಲ್ಲಿ. ಬೂದು ಕುದುರೆ ರಾಶಿಗೆ ಕತ್ತು ಬಗ್ಗಿಸಿತು. ಸಲ್ಕಿನಾಯ್ ಕೈಯ ಸೌಟು ಬಿಸಾಡಿದಳು.

"ಮಂಬೆತ್! ಏಯ್ ಮಂಬೆತ್! ಸಿಳ್ಳೆ ಹಾಕೋ!"

ಮುದುಕ ಬೆಚ್ಚಿಬಿದ್ದ. ಕೂಗಿದ್ದು ಯಾರೆಂದು ತಿಳಿಯುವ ಮೊದಲೇ ಸಿಳ್ಳೆ ಹೊಮ್ಮಿತು. ಕುದುರೆಗಳು ತಲೆಯೆತ್ತಿ, ಕಿವಿ ನಿಮಿರಿಸಿ, ಅವನ ಕಡೆ ಹೊರಳಿದವು.

ಅವನು ಕುದುರೆಯಿಂದ ಇಳಿದು ಊಟದವರ ಬಳಿ ಬಂದ.

"ಕರೆದಿದ್ದು ಯಾರು?"

ಸಲ್ಕಿನಾಯ್ ಮುಂದೆ ಬಂದಳು. ತಲೆ ತಗ್ಗಿಸಲಿಲ್ಲ. "ನಾನೇ. ಬೈದ್ರೂ ಸರಿ, ಹೊಡೆದ್ರೂ ಸರಿ. ಮೊದ್ಲು ಆ ರಾಶಿಗಳೆಲ್ಲ ಹೊಂಡ ಸೇರ್ಬೇಕು. ಏಳ್ರೇ ಎಲ್ರೂ, ಊಟ ಆಮೇಲೆ!"

ಹೆಂಗಸರು ತಟ್ಟೆ ಬಿಟ್ಟೆದ್ದರು, ಸಲ್ಕಿನಾಯ್ ಗುದ್ದಲಿ ಎತ್ತಿಕೊಂಡಳು. ಮಂಬೆತ್ ಬೂದು ಕುದುರೆಯ ಹತ್ತಿರ ಹೋದ. ಅದರ ತುಟಿಗೆ ಬಾಡಿದ ನೀಲಿ ಹೂವೊಂದು ಅಂಟಿಕೊಂಡಿತ್ತು. ಬಾಯಿ ಬಿಡಿಸಿ ಒಳಗೆಲ್ಲ ಬೆರಳಾಡಿಸಿ ನೋಡಿದ. ಏನೂ ಇರಲಿಲ್ಲ. ಹೂವನ್ನು ಅಂಗಿಯ ತೋಳಿನಿಂದ ಒರೆಸಿ ತೆಗೆದ.

ಆಗ ಒಲೆಯ ಬಳಿಯಿಂದ ಅತ್ತೆ ಬೂಬೂಶ್ ಗೊಳ್ಳೆಂದು ನಕ್ಕಳು. "ಈ ಮನೆಗೆ ಬಂದಾಗಿಂದ ಒಂದ್ಸಲನಾದ್ರೂ ಹಂಗೆ ಕೂಗ್ಬೇಕು ಅಂತ ನಂಗಾಸೆ. ನನ್ನ ಸೊಸೆ ಕೂಗೇಬಿಟ್ಳಲ್ಲಪ್ಪಾ!"

ಇಳಿಜಾರಿಗೆ ಇಳಿಜಾರೇ ನಕ್ಕಿತು. ಮುದುಕನ ಮುಖ ಕೆಂಪಾಯಿತು.

"ಸಾಕು ನಕ್ಕಿದ್ದು," ಎಂದು ಅವನು ಸೊಸೆಯ ಕೈಯಿಂದ ಗುದ್ದಲಿ ಕಸಿದುಕೊಂಡ. "ಬೇರು ಎಷ್ಟು ಆಳಕ್ಕೆ ಹೋಗಿರುತ್ತೆ? ಬಾ, ತೋರ್ಸು."