ಖಾಲಿ ಡಬ್ಬಿಯ ಮನೆ

ಪಂಚಮಿ ಹಬ್ಬ ಬಂದ ಕೂಡಲೇ ಅಮರೇಶನ ಆಟ ಕಣ್ಣು ಮುಚ್ಚುತ್ತಿತ್ತು. ಗೋಕುಲ ರಸ್ತೆಯಲ್ಲಿ ಪಂಪಿನ ಅಂಗಡಿಯ ಮೇಲೊಂದು ಕೋಣೆ ಹಿಡಿದು ಅವನು ಮಾಡಿಸುತ್ತಿದ್ದ ಕಂಪ್ಯೂಟರ್ ಆಟ ಅದು, ಹೆಸರು ‘ನೆರಿಮನಿ’. ತಾನು ಬೆಳೆದ ಧಾರವಾಡದ ಓಣಿ, ಅದರ ಸಂಸ್ಕೃತಿ, ಅದರ ಸೌಜನ್ಯವನ್ನು ಜಗತ್ತು ನೋಡಲಿ ಎಂದು ಅವನ ಆಸೆ. ಅರಳೆ ವ್ಯಾಪಾರಿಗಳ ಮನೆತನ, ಸೌಜನ್ಯಕ್ಕೇನೂ ಬರವಿರಲಿಲ್ಲ.

ಆಟದ ಪ್ರೋಗ್ರಾಂ ಬರೆಯುವವಳು ಸಂಘಮಿತ್ರಾ. ಸೋಮವಾರ ಪುಣೆಯಿಂದ ಆಟ ಕೊಳ್ಳುವವರು ಬರುವವರಿದ್ದರು. ಅವರೆದುರು ಪಂಚಮಿ ದಾಟಿದರೆ ಅವಳ ನೌಕರಿ ಕಾಯಂ, ದಾಟದಿದ್ದರೆ ಮನೆಯ ದಾರಿ. ಇದನ್ನು ಅಮರೇಶ ಚಹಾ ಕುಡಿಸಿ, ಬಹಳ ಅಕ್ಕರೆಯಿಂದ ಹೇಳಿದ್ದ.

ಯಡವಟ್ಟು ಇದ್ದದ್ದು ಅವನೇ ಬರೆಸಿದ ನಿಯಮದಲ್ಲಿ. ಪಂಚಮಿಯ ಉಂಡಿ ತುಂಬಿ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು. ಬರೀ ತಮ್ಮ ಮನೆಯ ಉಂಡಿ ಹಾಕಿದರೆ ಜಿಪುಣತನ. ಮುಂದಿನ ಮನೆಗೊಂದು ಡಬ್ಬಿ ಕಳಿಸಿ, ಅಲ್ಲಿಂದ ಬಂದದ್ದನ್ನೂ ಸೇರಿಸಿಯೇ ಮರಳಿಸಬೇಕು. ಮುಂದಿನ ಮನೆಗೂ ಅದೇ ನಿಯಮ, ಅದರ ಮುಂದಿನದಕ್ಕೂ ಅದೇ. ಓಣಿ ಸುತ್ತಿ ಡಬ್ಬಿ ಮತ್ತೆ ಮೊದಲ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

“ಈ ಕಂಪ್ಯೂಟರ್ ಸಣ್ಣದಾತು, ಸಾಲವಲ್ದು,” ಎಂದು ಅಮರೇಶ ದೊಡ್ಡದೊಂದನ್ನು ತರಿಸಿದ. ಆಟ ಅದರಲ್ಲಿ ಸ್ವಲ್ಪ ತಡವಾಗಿ, ಹೆಚ್ಚು ಗತ್ತಿನಿಂದ ಸತ್ತಿತು.

“ಹಂಗಲ್ರಿ ಸರ್,” ಎಂದಳು ಸಂಘಮಿತ್ರಾ. “ಕಂಪ್ಯೂಟರ್ ಒಂದ ಕೆಲಸ ಅರ್ಧಕ್ಕ ಬಿಟ್ಟು ಇನ್ನೊಂದಕ್ಕ ಹೋಗೂವಾಗ, ಎಲ್ಲಿ ಬಿಟ್ಟಿದ್ದೆ ಅಂತ ಒಂದ ಚೀಟಿ ಬರದಿಡತೈತ್ರಿ. ಒಂದರ ಮ್ಯಾಲೊಂದು. ಆ ಚೀಟಿ ರಾಶಿಗೇ ಸ್ಟ್ಯಾಕ್ ಅನ್ನೂದು. ಕಡೀಕ ಇಟ್ಟದ್ದು ಮೊದಲ ಬರತೈತಿ, ಮೊದಲ ಇಟ್ಟದ್ದು ತಳದಾಗ ಕಾಯತೈತಿ.”

“ಅಡಗಿಮನ್ಯಾಗ ತಾಟ ಜೋಡಿಸಿಟ್ಟಂಗ.”

“ಹೌದ್ರಿ. ಇಲ್ಲೆ ಎಲ್ಲಾರೂ ಮುಂದಿನ ಮನಿ ಡಬ್ಬಿಗೆ ಕಾಯಾಕತ್ತಾರ. ಚೀಟಿ ಏರಕೋತನ ಹೊಂಟಾವ, ಒಂದೂ ಇಳಿಯವಲ್ದು. ಜಾಗಾ ಮುಗದ ಕೂಡ್ಲೆ ಆಟ ನಿಲ್ಲತೈತಿ. ಯಾವುದರ ಒಂದ ಮನಿ ಮುಂದ ಕಳಸದ, ಏನೂ ಹಾಕದ, ಡಬ್ಬಿ ತಿರುಗಿ ಕೊಡಬೇಕ್ರಿ. ಅಂದ್ರ ಎಲ್ಲಾರ ಚೀಟೀನೂ ಒಂದೊಂದ ಇಳೀತಾವ.”

“ಅಂದ್ರ ಖಾಲಿ ಡಬ್ಬಿ?” ಅಮರೇಶನಿಗೆ ನಿಜಕ್ಕೂ ನೋವಾಯಿತು. “ನಮ್ಮ ಓಣ್ಯಾಗ ಅಂಥಾ ಮನಿ ಇಲ್ಲವಾ. ಬೇಕಾದ್ರ ನಮ್ಮವ್ವನ್ನ ಕೇಳು.”

ಸಂಘಮಿತ್ರಾಳಿಗೆ ಕೇಳುವ ಅಗತ್ಯವಿರಲಿಲ್ಲ. ಅಮರೇಶ ಹಾಸ್ಟೆಲಿನಲ್ಲಿದ್ದ ಕಾಲಕ್ಕೆ, ತಾಲೂಕು ಕಚೇರಿಯಲ್ಲಿದ್ದ ಅವಳ ಅಪ್ಪ ಅದೇ ಓಣಿಯಲ್ಲಿ ಬಾಡಿಗೆಗಿದ್ದರು. ಬುದ್ಧ ಪೂರ್ಣಿಮೆಯ ದಿನ ಅವಳ ಅವ್ವ ಹಸಿರು ಬಾಗಿಲಿನ ಮನೆಗೆ, ಅಂದರೆ ಅಮರೇಶನ ಅವ್ವ ಗೌರಕ್ಕನಿಗೆ, ಖೀರು ಕಳಿಸಿದ್ದಳು, ತನ್ನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಯಲ್ಲಿ. ಖೀರು ಆ ಮನೆಯ ಆಕಳ ಬಕೆಟ್ಟಿಗೆ ಹೋಯಿತು. ಡಬ್ಬಿ ಥಳಥಳ ತೊಳೆಸಿಕೊಂಡು ಕಂಪೌಂಡ್ ಗೋಡೆಯ ಮೇಲೆ ಬಂದು ಕೂತಿತು. ಕೈಗೆ ಕೊಡುವಷ್ಟು ಅವಸರ ಯಾರಿಗೂ ಇರಲಿಲ್ಲ. “ಭಾಳ ಸ್ವಚ್ಛ ಮಂದಿ,” ಎಂದ ಅವ್ವ ಮತ್ತೆಂದೂ ಅಲ್ಲಿಗೆ ಏನನ್ನೂ ಕಳಿಸಲಿಲ್ಲ. ಆ ಹೊಳಪನ್ನು ಸಂಘಮಿತ್ರಾ ಮರೆತಿರಲಿಲ್ಲ.

ಅವಳು ಯಾರನ್ನೂ ಕೇಳದೆ ಆಟದ ಓಣಿಯ ಕೊನೆಗೆ ಹಸಿರು ಬಾಗಿಲಿನ ಒಂದು ಮನೆ ಇಟ್ಟಳು.

ಸೋಮವಾರ ಪುಣೆಯವರು ಬಂದರು. ಗೌರಕ್ಕನೂ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಆಟದ ಅಜ್ಜಿಗೆ ಧ್ವನಿ ಕೊಟ್ಟವಳೇ ಅವಳು. ಪರದೆಯ ಮೇಲೆ ಪಂಚಮಿ ಬಂತು. ಡಬ್ಬಿ ಮನೆಯಿಂದ ಮನೆಗೆ ಹೋಗಿ ಹಸಿರು ಬಾಗಿಲು ತಲುಪಿತು. ಅಲ್ಲಿಂದ ಥಳಥಳ ಹೊಳೆಯುವ ಖಾಲಿ ಡಬ್ಬಿಯೊಂದು ಕಂಪೌಂಡಿನ ಮೇಲೆ ಬಂದು ಕೂತಿತು. ಮೈಮೇಲೆ ‘ಜಯಮಾಲಾ’ ಎಂಬ ಹೆಸರು. ಕೂಡಲೇ ಹಿಂದಿನ ಮನೆಯವರು ತಮ್ಮ ಡಬ್ಬಿ ಮರಳಿಸಿದರು, ಅದರ ಹಿಂದಿನವರೂ ಮರಳಿಸಿದರು. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಮೊದಲು ಕಳಿಸಿದವಳ ಕೈಗೆ ಉಂಡಿ ಬಂತು. ಪಂಚಮಿ ದಾಟಿತು. ಆ ಒಂದು ಮನೆಯಿಂದಲೇ ಓಣಿಗೆ ಜೀವ ಬಂದಿದೆ ಎಂದು ಹೊಗಳಿ, ಆಟ ಕೊಳ್ಳುವ ಮಾತು ಕೊಟ್ಟು ಪುಣೆಯವರು ಹೊರಟರು.

ಅಮರೇಶ ಬಾಗಿಲನ್ನು ಗುರುತಿಸಿದ್ದ. “ನಿನ್ನ ನೌಕರಿ ಕಾಯಂ ಆತು,” ಎಂದ. “ಆದ್ರ ಆ ಬಾಗಲದ ಬಣ್ಣ ಬದಲ ಮಾಡಬೇಕು.”

“ಯಾವ ಬಣ್ಣ ಹೇಳಿದ್ರೂ ಹಚ್ಚತೇನ್ರಿ ಸರ್. ಡಬ್ಬಿ ಮಾತ್ರ ಖಾಲೀನ ಬರಬೇಕ್ರಿ. ನಿಮ್ಮ ಓಣಿ ಸೌಜನ್ಯೆಲ್ಲಾ ಅದರ ಮ್ಯಾಲ ನಿಂತೈತಿ.”

ಗೌರಕ್ಕ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಆ ಹೆಸರನ್ನು ಓದಿದಳು, ಮತ್ತೆ ಓದಿದಳು.

“ಜಯಮಾಲಾನ ಮಗಳೇನವಾ ನೀ?” ಎಂದು ಕೇಳಿದಳು. “ಅರಾಮ ಅದಾಳ?”

“ಅರಾಮ ಅದಾರ್ರಿ,” ಎಂದಳು ಸಂಘಮಿತ್ರಾ. “ಆ ಡಬ್ಬೀನೂ ಐತ್ರಿ.”